ಹೆಸರು ಹಾಕಿಸಿದ ಪಾತ್ರೆಗಳು

ಮಂಗಳಗೌರಿ ಗೇಟು ತೆಗೆದಾಗ ಮನೆಗೆ ಮನೆಯೇ ಅಂಗಳಕ್ಕೆ ಬಂದು ಬಿದ್ದಿತ್ತು. ಯುಗಾದಿಗೆ ಇನ್ನು ಮೂರೇ ದಿನ. ಬೆಳಿಗ್ಗೆ ಅವಳು ನನ್ನಿವಾಳದ ಹೈಸ್ಕೂಲಿಗೆ ಹೊರಟಾಗ ಅತ್ತಿಗೆ ಜಗದಾಂಬ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಟ್ಟಕ್ಕೆ ಏಣಿ ಹಾಕಿಸುತ್ತಿದ್ದಳು. ಪರೀಕ್ಷೆಯ ಕೆಲಸ ಮುಗಿಸಿ ಚಳ್ಳಕೆರೆಗೆ ವಾಪಸಾಗುವಷ್ಟರಲ್ಲಿ ಗಾದಿಗಳು, ದಿವಾನದ ಹಲಗೆ, ಅಣ್ಣನ ಶೇಂಗಾ ಮಂಡಿಯ ತುಕ್ಕು ಹಿಡಿದ ತಕ್ಕಡಿ, ಹೊಟ್ಟೆ ಉಬ್ಬಿದ ಹಳೇ ಟೀವಿ, ಯಾರೂ ಓದದ ಪಂಚಾಂಗಗಳ ಕಟ್ಟು, ಎಲ್ಲ ಬಿಸಿಲಿಗೆ ಬಂದಿದ್ದವು. ಹೊಂಗೆ ಮರದ ನೆರಳಿಗೆ ಮಂಚ ಹಾಕಿ ಅವ್ವ ಶಾರದಮ್ಮನನ್ನೂ ತಂದು ಕೂರಿಸಿದ್ದರು. ಅವಳು ತನ್ನ ಸುತ್ತ ಬಿದ್ದ ಸಾಮಾನನ್ನು ಬೇರೆ ಯಾರದೋ ಮನೆಯದು ಎಂಬಂತೆ ನೋಡುತ್ತಿದ್ದಳು. ಅಣ್ಣನ ಮಗಳು ಶಿಲ್ಪ ಮೊಬೈಲಿನಲ್ಲಿ ನೋಡಿಕೊಂಡು ಮೂರು ಗುಡ್ಡೆ ಮಾಡಿಸಿದ್ದಳು. ಇಟ್ಟುಕೊಳ್ಳೋದು, ಕೊಡೋದು, ಗುಜರಿಗೆ ಹಾಕೋದು. ಮಂಗಳಗೌರಿ ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಒಂದು ಕ್ಷಣ ನಿಂತಳು. ಸ್ಕೂಲಿನಲ್ಲಿ ಅವಳು ಒಳಗೆ ಬಂದರೆ ನಲವತ್ತು ಮಕ್ಕಳು ಎದ್ದು ನಿಲ್ಲುತ್ತಿದ್ದರು. ಇಲ್ಲಿ ಒಂದು ಗಾದಿಯೂ ಅತ್ತ ಸರಿಯಲಿಲ್ಲ. ಮೆಟ್ಟಿಲ ಪಕ್ಕ ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಬೋರಲು ಹಾಕಿದ್ದರು. ಯಾರವು ಇಷ್ಟು ಚೆನ್ನಾಗಿವೆ ಎಂದು ಬಗ್ಗಿದವಳಿಗೆ ಹಿತ್ತಾಳೆ ಕೊಳಗದ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ತನ್ನ ಹೆಸರೇ ಕಂಡಿತು. ಮಂಗಳಗೌರಿ, ೧೯೯೫.

"ಬಂದ್ಯಾ ಗೌರಿ," ಎಂದಳು ಜಗದಾಂಬ, ಪರದೆ ಬಟ್ಟೆ ಹಿಂಡುತ್ತ. "ನಿನ್ನ ಕೇಳ್ಬೇಕು ಅಂತಿದ್ದೆ. ಇವು ಸುಮ್ನೆ ಅಟ್ಟದ ಮೇಲೆ ಬಿದ್ದವೆ. ಶಿಲ್ಪನ ಮದುವೆಗೆ ಆಗ್ತವೆ. ಮಲ್ಲಿಕ್‌ನ ಅಂಗಡೀಗೆ ಕಳ್ಸಿ ಹೆಸರು ಉಜ್ಜಿಸಿ, ಅವಳ ಹೆಸರು ಹಾಕಿಸ್ತೀನಿ. ಆಗಬೌದಲ್ಲ?"

ಕೇಳಬೇಕು ಅಂತಿದ್ದೆ. ತೊಳೆದಾಗಿದೆ, ಒಣಗಿಸಿದ್ದಾಗಿದೆ, ಅಣ್ಣ ಜಂಬುಲಿಂಗಪ್ಪ ಕಾರಿನ ಡಿಕ್ಕಿ ತೆಗೆದು ನಿಂತಿದ್ದಾನೆ, ಈಗ ಕೇಳುತ್ತಿದ್ದಾಳೆ. ಮಂಗಳಗೌರಿಯ ಎದೆಯೊಳಗೆ ಏನೋ ಭಗ್ ಎಂದು ಹೊತ್ತಿಕೊಂಡಿತು. ಆದರೆ ಬಾಯಿ ತನ್ನ ಪಾಡಿಗೆ ತಾನು, "ಅದಕ್ಕೇನ್ರಿ ಅತ್ತಿಗೆ, ಆಗಬೌದು," ಎಂದುಬಿಟ್ಟಿತು. ಅಷ್ಟೇ ಅಲ್ಲ, ಗೀರು ಬೀಳಬಾರದೆಂದು ಒಂದೊಂದೇ ಪಾತ್ರೆಗೆ ಪೇಪರು ಸುತ್ತಲು ಅವಳೇ ಕುಕ್ಕರುಗಾಲಿನಲ್ಲಿ ಕೂತಳು. ಈ ಬಾಯಿ, ಈ ಕೈ ಯಾರವು? ಮೂವತ್ತು ವರ್ಷದಿಂದ ಈ ಮನೆಯಲ್ಲಿ ಅವಳಿಗಿಂತ ಮುಂಚೆ ಉತ್ತರ ಕೊಡುತ್ತ ಬಂದ ಬಾಯಿ ಇದು. ರೂಮು ಬಿಟ್ಟುಕೊಡು ಅಂದಾಗ ಆಗಬೌದು, ನೆಂಟರು ಬರ್ತಾರೆ ನೀನು ಹಿಂದಿನ ಕೋಣೇಲಿ ಮಲಗು ಅಂದಾಗ ಅದಕ್ಕೇನು, ಶಾಸ್ತ್ರದ ಹೊತ್ತಿಗೆ ಸ್ವಲ್ಪ ಹಿಂದೆ ನಿಂತ್ಕೋ ಗೌರಿ ಅಂದಾಗ ಹೂಂ. ಅವಳು ಸುತ್ತುತ್ತ ಹೋದಳು. ಹತ್ತೊಂಬತ್ತು ತುಂಬಿದ ವರ್ಷದಿಂದ ಅವ್ವ ಪ್ರತಿ ಯುಗಾದಿಗೂ ಒಂದೊಂದು ಪಾತ್ರೆ ಕೂಡಿಸುತ್ತ ಬಂದಿದ್ದಳು, ಮಗಳು ಗಂಡನ ಮನೆಗೆ ಹೊರಟಾಗ ಒಟ್ಟಿಗೆ ಕಳಿಸಲು. ಕೊಡ, ತಪ್ಪಲೆ, ಹರಿವಾಣ, ದೀಪದ ಕಂಬ. ಎಲ್ಲದರ ಮೇಲೂ ಹೆಸರು, ಹೆಸರಿನ ಕೆಳಗೆ ವರ್ಷ. ೧೯೯೬, ೧೯೯೭, ೧೯೯೮. ಕಡೆಯದೊಂದು ಸೊಟ್ಟಗಾದ ಸ್ಟೀಲ್ ತಂಬಿಗೆ, ೨೦೦೮. ಅದಾದ ಮೇಲಿನದು ಎಲ್ಲಿ ಎಂದು ಅವಳು ಗೋಣಿಚೀಲ ಎತ್ತಿ ನೋಡಿದಳು. ಇರಲಿಲ್ಲ. ಒಟ್ಟು ಹದಿನಾಲ್ಕು.

"ಬೇಗ ಕೊಡವ್ವ, ಮಂಡಿಗೆ ಹೊತ್ತಾಯ್ತು," ಎಂದ ಜಂಬುಲಿಂಗಪ್ಪ. ಅವನಿಗೆ ಎಲ್ಲವೂ ಲೋಡು. ಡಿಕ್ಕಿಯಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದಾದಾಗ, "ಇನ್ನೂ ಗಟ್ಟಿಯಾಗವೆ ಬಿಡು, ಹಳೇ ಕಾಲದ ಮಾಲು," ಎಂದು ಮೆಚ್ಚಿಕೊಂಡು ಕಾರು ತಿರುಗಿಸಿದ. ತಂಗಿಯ ಮುಖವನ್ನು ಅವನು ನೋಡಲಿಲ್ಲ. ನೋಡಿದ್ದರೆ, ಯಾತಕ್ಕೆ ಮುಖ ಊದಿಸ್ಕಂಡಿದೀಯ ಎನ್ನುತ್ತಿದ್ದ. ಅದಕ್ಕೂ ಅವಳು ತಲೆನೋವು ಅಂತ ಸುಳ್ಳು ಹೇಳುತ್ತಿದ್ದಳು.

ಒಳಗೆ ಅಡಿಗೆಮನೆಯ ನೆಲದ ತುಂಬ ಶಿಲ್ಪ ತಂದ ಹೊಸ ಪ್ಲಾಸ್ಟಿಕ್ ಡಬ್ಬಿಗಳಿದ್ದವು. "ಅತ್ತೆ, ನಿಮ್ಮ ಬರಹ ಮುತ್ತಿನಂಗೈತೆ. ಇದ್ರ ಮೇಲೆ ಬರೆದುಕೊಡ್ರಿ, ಅಮ್ಮಂಗೆ ಹುಡುಕೋ ಕಷ್ಟ ಇರಲ್ಲ," ಎಂದು ಅಂಟಿಸುವ ಚೀಟಿಗಳ ಹಾಳೆ ಕೊಟ್ಟಳು. ಮಂಗಳಗೌರಿ ಬರೆದಳು. ತೊಗರಿ. ಉದ್ದು. ಕಡಲೆ. ಸಾಸಿವೆ. ಪೆನ್ನು ಒತ್ತಿದ ರಭಸಕ್ಕೆ ಮೆಂತ್ಯದ ಚೀಟಿ ಹರಿಯಿತು. ಈ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಬಾರದು, ಇವಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದವಳು ತಾನು, ಎಂದುಕೊಂಡಷ್ಟೂ ಸಿಟ್ಟು ಏರುತ್ತಿತ್ತು. ಹೆಸರುಕಾಳು ಎಂದು ಬರೆಯುವಾಗ ಹೆಸರು ಎಂಬಲ್ಲೇ ಕೈ ನಿಂತಿತು. ಈಗ ಕಾರು ಸಂತೆಪೇಟೆ ದಾಟಿರಬಹುದು. ಮಲ್ಲಿಕ್ ಮಷೀನಿನ ಸ್ವಿಚ್ಚು ಒತ್ತಿರಬಹುದು. ಹಾಗಾದರೆ ೨೦೦೯ರಲ್ಲಿ ಏನಾಯಿತು? ಅವಳಿಗೆ ಆಗ ಮೂವತ್ತಮೂರು. ಆ ವರ್ಷ ಅವಳ ಕೂದಲು ಬೆಳ್ಳಗಾಗಿರಲಿಲ್ಲ, ಹಲ್ಲು ಬಿದ್ದಿರಲಿಲ್ಲ, ಎರಡು ಕಡೆಯಿಂದ ಜಾತಕವೂ ಬಂದಿತ್ತು. ಆದರೂ ಒಂದು ಬೆಳಗ್ಗೆ ಅವ್ವ ಪಾತ್ರೆ ಅಂಗಡಿಯ ಮುಂದೆ ಹಾದು, ಇನ್ನು ಸಾಕು, ಇವಳದು ಇಷ್ಟೇ ಎಂದು ಒಳಗೆ ಹೋಗದೆ ಬಂದುಬಿಟ್ಟಿದ್ದಾಳೆ. ಯಾರಿಗೂ ಹೇಳದೆ. ಅವಳಿಗೂ ಹೇಳದೆ. ಆಮೇಲೂ ಏಳೆಂಟು ವರ್ಷ ಅವಳು ಬಂದವರ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವ್ವ ಒಳಗಿನಿಂದ ನೋಡುತ್ತಿದ್ದಳು, ಎಲ್ಲ ಗೊತ್ತಿದ್ದೂ. ಮಂಗಳಗೌರಿ ಪೆನ್ನು ನೆಲಕ್ಕೆ ಕುಕ್ಕಿ ಎದ್ದಳು. "ಅತ್ತೆ, ಇನ್ನೂ ಎಂಟು ಐತಲ್ರಿ," ಎಂದು ಶಿಲ್ಪ ಕೂಗಿದ್ದು ಬೆನ್ನ ಹಿಂದೆ ಉಳಿಯಿತು.

ಮಂಚದ ಮೇಲೆ ಶಾರದಮ್ಮ ಎಲೆಯಡಿಕೆ ಕುಟ್ಟುತ್ತಿದ್ದಳು. ಎಂಬತ್ತೊಂದರ ಮುದುಕಿಗೆ ಎಡಗಿವಿ ಮಾತ್ರ ಕೇಳುತ್ತಿತ್ತು. ಮಂಗಳಗೌರಿ ಆ ಕಡೆಗೆ ಹೋಗಿ ಬಗ್ಗಿದಳು.

"ಅವ್ವ, ಪಾತ್ರೆ ಕಳ್ಸಾಕೆ ನೀನು ಒಪ್ಪಿದ್ಯಾ?"

"ಜಗದಾಂಬ ಕೇಳಿದ್ಲು. ಒಯ್ಯಿ ಅಂದೆ. ನಿಂಗ್ಯಾತಕ್ಕವ್ವ ಇನ್ನ ಅವು?"

ಒಂದು ಚೂರೂ ಮರುಕವಿಲ್ಲದ, ಮಜ್ಜಿಗೆ ಬೇಕೇನು ಎಂದು ಕೇಳಿದಷ್ಟು ಸಲೀಸಾದ ದನಿ. ಮಂಗಳಗೌರಿಯ ಕಣ್ಣು ಉರಿದವು. "ಎರಡು ಸಾವಿರದ ಎಂಟಕ್ಕೆ ಯಾತಕ್ಕೆ ನಿಲ್ಲಿಸಿದೆ? ಅದನ್ನ ಹೇಳು. ಇವಳಿಗೆ ಇನ್ನ ಮದುವೆ ಆಗಲ್ಲ ಅಂತ ನಿಂಗೆ ಯಾರು ಹೇಳಿದ್ರು ಆವತ್ತು?"

ಶಾರದಮ್ಮ ಕುಟ್ಟಾಣಿ ನಿಲ್ಲಿಸಿ ಮಗಳನ್ನು ನೋಡಿದಳು. "ನೀನೇ ಅಂದ್ಯಲ್ಲೇ."

"ನಾನಾ?"

"ಹಬ್ಬದ ದಿನ. ನಾನು ತಂಬಿಗೆ ತಂದು ದೇವರ ಮುಂದೆ ಇಟ್ಟಿದ್ದೆ. ನೀನು ಅದನ್ನ ಎತ್ತಿ ಅಂಗಳಕ್ಕೆ ಒಗೆದೆ. ಇನ್ನೊಂದು ತಂದ್ರೆ ಬಾವಿಗೆ ಬೀಳ್ತೀನಿ ಅಂದೆ. ಓಣಿ ಜನ ಎಲ್ಲ ಬಂದು ನೋಡಿದ್ರು. ಆಮೇಲೆ ನಾನು ತರಲಿಲ್ಲ." ಮುದುಕಿ ಮತ್ತೆ ಕುಟ್ಟತೊಡಗಿದಳು. "ಬಾವೀಗ್ ಬಿದ್ದೀಯ ಅಂತ ಹೆದರ್ಕಂಡೆ."

ಮಂಗಳಗೌರಿಗೆ ಅದು ನೆನಪೇ ಇರಲಿಲ್ಲ. ಸುಳ್ಳು ಎನ್ನಲು ಬಾಯಿ ತೆಗೆದಳು. ಆದರೆ ಆಗಷ್ಟೇ ತನ್ನ ಕೈಯಾರೆ ಪೇಪರಿನಲ್ಲಿ ಸುತ್ತಿದ ಸೊಟ್ಟ ತಂಬಿಗೆ ಬೆರಳುಗಳಿಗೆ ಗೊತ್ತಿತ್ತು. ಈಗ ಆ ದಿನ ಚೂರು ಚೂರಾಗಿ ಬಂತು: ಕಲ್ಲು ಹಾಸಿನ ಮೇಲೆ ತಂಬಿಗೆ ಉರುಳಿದ ಸದ್ದು, ತನ್ನದೇ ಕೀರಲು ದನಿ, ಬೇವಿನ ಹೂವಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ ಅತ್ತಿಗೆ. ತನಗೆ ಆದ ಅವಮಾನಗಳನ್ನೆಲ್ಲ ತಾರೀಖು ಸಮೇತ ನೆನಪಿಟ್ಟುಕೊಂಡವಳು ತಾನು ಒಗೆದ ತಂಬಿಗೆಯನ್ನು ಹೇಗೆ ಮರೆತಳು? ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನೂ ಸಿಟ್ಟು ಬಂತು. ತಾನು ಬೇಡ ಅಂದದ್ದು ನಿಜವಿರಬಹುದು. ಹಾಗಂತ ಇರುವುದನ್ನು ಅಳಿಸಿ ಅಂದಿದ್ದಳೇ? ಯಾರಾದರೂ ಒಬ್ಬರು ತಪ್ಪಿತಸ್ಥರಾಗಲೇಬೇಕಿತ್ತು. ಅವ್ವ ತಪ್ಪಿಸಿಕೊಂಡಳು. ಉಳಿದವಳು ಜಗದಾಂಬ. ಮಂಗಳಗೌರಿ ಗೇಟು ದಾಟಿ ಬಿರಬಿರನೆ ನಡೆದಳು.

ಚೈತ್ರಕ್ಕೆ ಮೊದಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ರಸ್ತೆಯ ಮೇಲೆ ಕೂತಿತ್ತು. ದಾರಿಯುದ್ದಕ್ಕೂ ಅವಳು ಅತ್ತಿಗೆಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ನಿಮ್ಮ ಮಗಳಿಗೆ ಪಾತ್ರೆ ಬೇಕಾದ್ರೆ ಅಂಗಡೀಲಿ ತಗಳ್ರಿ. ನಾನು ಸತ್ತಿಲ್ಲ ಇನ್ನ. ಅದು ಚೆನ್ನಾಗಿತ್ತು, ಎರಡು ಸಲ ಹೇಳಿಕೊಂಡಳು. ಮೊದಲಿನಿಂದ ಆ ಹೆಂಗಸಿಗೆ ತನ್ನ ಮೇಲೆ ಹಗೆ. ಆದರೂ ಒಮ್ಮೆ ಅವಳೇ ಮೊಳಕಾಲ್ಮೂರಿನ ತವರಿಂದ ತನ್ನ ಚಿಕ್ಕಪ್ಪನ ಮಗನನ್ನು ಗೌರಿಗೆ ತರಬೇಕೆಂದು ಎಷ್ಟು ಓಡಾಡಿದ್ದಳು. ಹುಡುಗ ಬಂದ, ಚೆನ್ನಾಗಿಯೇ ಇದ್ದ, ಆ ಕಡೆಯವರ ಹಾಗೆ ಮಾತಿನ ಮಧ್ಯೆ ತೆಲುಗು ಬರುತ್ತಿತ್ತು. ಸಕ್ಕರೆ ಸಾಕಾ ಎಂದರೆ, ಸಾಕು ಎನ್ನಲು ಚಾಲು ಚಾಲು ಎಂದ. ಅವರು ಹೋದ ಮೇಲೆ ಮಂಗಳಗೌರಿ ಅಡಿಗೆಮನೆಯಲ್ಲಿ ಲೋಟ ಹಿಡಿದು, ಕತ್ತು ಕೊಂಕಿಸಿ, ಚಾಲು ಚಾಲು ಎಂದು ಆಡಿ ತೋರಿಸಿದಳು. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ತಿರುಗಿ ನೋಡಿದರೆ ಜಗದಾಂಬ ಬಾಗಿಲಲ್ಲಿದ್ದಳು. ಅವಳೂ ನಗಬೇಕಾಯಿತು. ಆ ನಗುವನ್ನು ಈಗ ನೆನೆದು ಮಂಗಳಗೌರಿ ಹೆಜ್ಜೆ ಇನ್ನೂ ಜೋರು ಮಾಡಿದಳು, ಅದರಿಂದ ತಪ್ಪಿಸಿಕೊಳ್ಳುವಂತೆ.

ಮಲ್ಲಿಕ್‌ನ ಅಂಗಡಿ ಎಂದರೆ ಪಾತ್ರೆ ಬಜಾರಿನ ಮೂಲೆಯ ಒಂದು ಗೂಡು. ಅವನಪ್ಪ ಉಳಿ, ಸುತ್ತಿಗೆ ಹಿಡಿದು ಹೆಸರು ಹೊಡೆಯುತ್ತಿದ್ದ ಜಾಗದಲ್ಲಿ ಈಗ ಪಾಲಿಶ್ ಮಷೀನು ಕೂತಿತ್ತು. ಕಪ್ಪು ಮಸಿ ಮೆತ್ತಿದ ಮುಖ ಎತ್ತಿ ಅವನು ಎದ್ದು ನಿಂತ. ಅವನ ಮಗಳು ನನ್ನಿವಾಳದ ಹೈಸ್ಕೂಲಿಗೇ ಬರುತ್ತಿದ್ದಳು.

"ಬರ್ರಿ ಟೀಚರ್. ನೀವ್ಯಾಕೆ ಬರೋಕೆ ಹೋದ್ರಿ, ನಾಳೆ ನಾನೇ ಕಳಿಸ್ತಿದ್ದೆ."

"ಎಷ್ಟು ಆದ್ವು?"

"ಮೂರು ಆಗಿದಾವೆ."

ಕೊಡ, ತಪ್ಪಲೆ, ಹರಿವಾಣ. ಹೆಸರಿದ್ದ ಜಾಗ ಉಳಿದದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು, ಹಸುಗೂಸಿನ ಚರ್ಮದ ಹಾಗೆ. ಅವಳು ಅದರ ಮೇಲೆ ಬೆರಳಾಡಿಸಿದಳು. ಏನೂ ತಡೆಯಲಿಲ್ಲ. "ನಿಲ್ಲಿಸು ಮಲ್ಲಿಕ್. ಇನ್ನು ಮುಟ್ಟಬೇಡ. ಇವು ನನ್ನವು," ಎಂದಳು. ದನಿ ಸ್ಕೂಲಿನದಾಗಿತ್ತು. ಪಕ್ಕದ ಅಂಗಡಿಯವರು ತಿರುಗಿ ನೋಡಿದರು.

"ಜೀ. ನಿಮ್ಮಣ್ಣೋರು ಹೇಳಿದ್ರು ಅಂತ..." ಅವನು ತಡವರಿಸಿದ. ಆಮೇಲೆ ಹಿತ್ತಾಳೆ ಕೊಳಗವನ್ನು ಮುಂದೆಳೆದುಕೊಂಡ. "ನಾನೂ ಇದನ್ನ ಮುಟ್ಟಲಿಲ್ಲ ಟೀಚರ್. ಕೇಳಿ ಮಾಡೋಣ ಅಂತ ಬಿಟ್ಟೆ. ಮಷೀನಿನ ಗಾಲಿಗೆ ಹಿಡಿಯೋಕೆ ಒಳಗೆ ಕೈ ಹಾಕಿದ್ರೆ ಇನ್ನೊಂದು ಹೆಸರು ಸಿಗ್ತು."

"ಇನ್ನೊಂದು ಹೆಸರು?"

"ಹೊರಗೆ ಉಜ್ಜಿ ನುಣ್ಣಗೆ ಮಾಡಿದಾರೆ. ನಮ್ಮಪ್ಪಂದೇ ಕೈ ಇರಬೇಕು. ಆದ್ರೆ ಉಳಿ ಹೊಡೆದದ್ದು ಒಳಗೆ ಉಬ್ಬಿರ್ತೈತಲ್ಲ, ಅದು ಹೋಗಲ್ಲ. ಕೈ ಹಾಕಿ ನೋಡ್ರಿ, ನಿಮ್ಮ ಹೆಸರಿನ ಎದುರಿಗೆ."

ಆ ಕೊಳಗದಲ್ಲಿ ಯಾರೂ ಒಂದು ದಿನವೂ ಅಡಿಗೆ ಮಾಡಿರಲಿಲ್ಲ. ಅವಳು ಅದರೊಳಗೆ ಕೈ ಹಾಕಿದ್ದು ಅದೇ ಮೊದಲು. ತಣ್ಣನೆಯ ಹಿತ್ತಾಳೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಬೆರಳ ತುದಿಗೆ ಹತ್ತಿದವು. ಮಲ್ಲಿಕ್ ಮೊಬೈಲಿನ ಟಾರ್ಚು ಹಿಡಿದ. ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಅಕ್ಷರಗಳು. ಹುಡುಗರ ಎಂಥೆಂಥ ಬರವಣಿಗೆಯನ್ನೋ ಓದಿ ಪಳಗಿದ ಕಣ್ಣಿಗೆ ಅದು ಕಷ್ಟವಾಗಲಿಲ್ಲ. ಜಗದಾಂಬ. ಕೆಳಗೆ ಸಣ್ಣದಾಗಿ, ಮೊಳಕಾಲ್ಮೂರು. ಅದರ ಕೆಳಗೆ, ೧೯೯೪.

ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಅತ್ತಿಗೆ ಮದುವೆಯಾಗಿ ಬಂದ ವರ್ಷ ಅದು. ಮರುವರ್ಷದ ಯುಗಾದಿಗೆ ಹಿರಿಯೂರಿನಿಂದ ಗೌರಿಯನ್ನು ನೋಡಲು ಬರುವವರಿದ್ದರು. ಮನೆಯಲ್ಲಿ ಹುಡುಗಿಯ ಹೆಸರಿನದೊಂದು ದೊಡ್ಡ ಪಾತ್ರೆ ಎದ್ದು ಕಾಣಬೇಕಿತ್ತು. ಅವ್ವ ಎಷ್ಟು ಹೆಮ್ಮೆಯಿಂದ ಅದನ್ನು ನಡುಮನೆಯಲ್ಲಿ ಇಟ್ಟಿದ್ದಳು. ತಾನು ಅದರ ಪಕ್ಕ ಹೊಸ ಸೀರೆಯುಟ್ಟು ಕೂತು ಅದರ ಹೊಟ್ಟೆಯಲ್ಲಿ ತನ್ನ ಮುಖ ನೋಡಿಕೊಂಡಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಈಗ ಯಾವ ಕೆಲಸಕ್ಕೂ ಬಾರದೆ ಬಾಯಲ್ಲಿ ಉಳಿಯಿತು. ಸಿಟ್ಟು ಮಾತ್ರ ಇಳಿದಿರಲಿಲ್ಲ. ಅದಕ್ಕೆ ಯಾರ ಮೇಲೆ ಕೂರಬೇಕೆಂದು ತಿಳಿಯುತ್ತಿರಲಿಲ್ಲ.

"ಉಜ್ಜಿದ ಮೂರಕ್ಕೆ ನಿಮ್ಮ ಹೆಸರು ಮತ್ತೆ ಹಾಕಿಕೊಡ್ಲಾ ಟೀಚರ್? ಅಪ್ಪನಂಗೆ ಬರಲ್ಲ, ಮಷೀನಿಂದು," ಎಂದ ಮಲ್ಲಿಕ್.

"ಬೇಡ. ಅವು ಹಂಗೇ ಇರ್ಲಿ." ಅವಳು ಕೊಳಗವನ್ನು ಅವನ ಕಡೆ ನೂಕಿದಳು. "ಇದ್ರ ಮೇಲಿಂದ ಮಾತ್ರ ತೆಗೆ. ನನ್ನ ಹೆಸರು. ನನ್ನ ಮುಂದೇನೇ ತೆಗೆ."

ಗಾಲಿ ತಿರುಗಿತು. ಹಿತ್ತಾಳೆ ಕಿರುಚಿತು. ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದಾಗ ಬಿಸಿಲು ಗೋಡೆ ಹತ್ತಿತ್ತು. ಜಗದಾಂಬ ಹಿತ್ತಲ ಕಲ್ಲಿನ ಮೇಲೆ ಪರದೆಗಳನ್ನು ಕುಕ್ಕುತ್ತಿದ್ದಳು. ಮಂಗಳಗೌರಿ ಕೊಳಗವನ್ನು ತಂದು ಅವಳ ಮುಂದೆ ಇಟ್ಟಳು, ಇಟ್ಟಳೆನ್ನುವುದಕ್ಕಿಂತ ಕುಕ್ಕಿದಳು.

"ಇದು ನಿಮ್ದಾ ಅತ್ತಿಗೆ?"

ಜಗದಾಂಬ ಕೊಳಗವನ್ನು ನೋಡಿದಳು, ಅವಳನ್ನಲ್ಲ. ಸೋಪಿನ ಕೈ ನಿಂತಿತು.

"ಒಳಗೆ ಹೆಸರೈತೆ," ಎಂದಳು ಮಂಗಳಗೌರಿ.

"ಗೊತ್ತು."

"ಗೊತ್ತಾ?"

"ಈ ಮನೆ ಅಟ್ಟ ಯಾರು ಒರೆಸ್ತಾರೆ ಅಂದ್ಕಂಡಿದೀಯ? ಮೂವತ್ತು ಯುಗಾದಿ ಆತು. ವರ್ಷಾ ಇಳಿಸ್ತೀನಿ, ತೊಳೀತೀನಿ, ಒಳಗೆ ಒಂದ್ಸಲ ಕೈಯಾಡಿಸ್ತೀನಿ, ಮತ್ತೆ ಮೇಲಿಡ್ತೀನಿ." ಜಗದಾಂಬಳ ದನಿ ಏರಲಿಲ್ಲ. "ನಮ್ಮಪ್ಪ, ನಮ್ಮ ನಾಯ್ನ, ಮೊಳಕಾಲ್ಮೂರಿಂದ ಬಸ್ಸಿನ ಮೇಲೆ ಹಾಕ್ಕಂಡು, ತಾನೂ ಮೇಲೇ ಕುಂತು ತಂದಿದ್ದು. ನಾನು ಬಾಣಂತನಕ್ಕೆ ಹೋಗಿ ಬರೋವಷ್ಟರಲ್ಲಿ ನಿಮ್ಮವ್ವ ಹೆಸರು ಬದಲಾಯಿಸಿದ್ರು. ಕೇಳಿದ್ದಕ್ಕೆ, ನೀನು ಬಂದು ಸೇರಿದ್ದಾತಲ್ಲ, ಇನ್ನ ನಿನಗ್ಯಾತಕ್ಕೆ ಹೆಸರು ಅಂದ್ರು."

ನಿಂಗ್ಯಾತಕ್ಕವ್ವ ಇನ್ನ ಅವು. ಅವ್ವ ಅದೇ ದನಿಯಲ್ಲೇ ಹೇಳಿರಬೇಕು, ಎಲೆಯಡಿಕೆ ಕುಟ್ಟುತ್ತ. ಮಂಗಳಗೌರಿ ಕೇಳಿದಳು, "ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿದ್ದೆ ಎನ್ನುವುದು ಸುಲಭವಿತ್ತು. ಬಾಯಿ ಎಂದಿನಂತೆ ಮುಂದೆ ಓಡಿ ಹೋಗಲು ಸಿದ್ಧವಾಗಿಯೂ ಇತ್ತು. ಅವಳು ಅದನ್ನು ತಡೆದಳು. ಹತ್ತೊಂಬತ್ತರ ತನ್ನನ್ನು, ಕೊಳಗದ ಹೊಟ್ಟೆಯಲ್ಲಿ ಮುಖ ನೋಡಿಕೊಂಡವಳನ್ನು, ಅಡಿಗೆಮನೆಯಲ್ಲಿ ಕತ್ತು ಕೊಂಕಿಸಿದವಳನ್ನು ಕಣ್ಣ ಮುಂದೆ ತಂದುಕೊಂಡಳು.

"ಇಲ್ಲ," ಎಂದಳು. "ಕೊಡ್ತಿರಲಿಲ್ಲ."

ಜಗದಾಂಬ ಮೊದಲ ಸಲ ಅವಳ ಮುಖ ನೋಡಿದಳು. "ಮತ್ತೆ ಈಗ್ಯಾಕೆ ತಂದೆ? ಪುಣ್ಯ ಕಟ್ಕಳಾಕಾ?"

"ಅಲ್ಲ. ಜಗಳ ಆಡಾಕೆ ಹೊರಟಿದ್ದೆ."

"ಆಡು ಮತ್ತೆ. ಯಾರು ಬ್ಯಾಡ ಅಂದ್ರು?"

"ಆಡ್ತೀನಿ," ಎಂದಳು ಮಂಗಳಗೌರಿ. ದನಿ ಒಡೆಯಿತು, ಒಡೆದರೆ ಒಡೆಯಲಿ ಎಂದು ಇನ್ನೂ ಗಟ್ಟಿಯಾಗಿ ಹೇಳಿದಳು. "ಉಳಿದ ಹದಿಮೂರು ನನ್ನವು. ಶಿಲ್ಪಗೆ ಕೊಡಲ್ಲ. ಸುಮ್ನೆ ಬಿದ್ದಿದ್ರೂ ಬಿದ್ದಿರ್ಲಿ, ನನ್ನ ರೂಮಲ್ಲಿ ಬಿದ್ದಿರ್ಲಿ. ನಿಮಗೆ ಹಂಗೆ ಮಾಡಿದ್ರು ಅಂತ ನೀವು ನನಗೆ ಮಾಡಿದ್ರಿ. ಕೈಯಾಡಿಸಿ ಕೈಯಾಡಿಸಿ ಗೊತ್ತಿದ್ದೂ ಮಾಡಿದ್ರಿ."

"ಹೌದು, ಮಾಡ್ದೆ!" ಜಗದಾಂಬ ಪರದೆಯನ್ನು ಕಲ್ಲಿಗೆ ಅಪ್ಪಳಿಸಿದಳು. "ಮಾಡ್ದೆ. ನೀನು ಬ್ಯಾಡ ಅಂತೀಯೇನೋ ಅಂತ ಕಾದೆ. ನೀನು ಪೇಪರು ಸುತ್ತಾಕೆ ಕುಂತೆ. ಥೂ, ಇದಕ್ಕೆ ಸಿಟ್ಟು ಕೂಡ ಬರಲ್ಲವಲ್ಲ ಅಂತ ನಂಗೆ ಸಿಟ್ಟು ಬಂತು."

ಶಿಲ್ಪ ಓಡಿ ಬಂದು, ಅಮ್ಮ, ಅತ್ತೆ, ಮೆತ್ತಗೆ, ಪಕ್ಕದ ಮನೇರು ಕೇಳ್ತಾರೆ ಎಂದಳು. ಕೇಳ್ಲಿ ಎಂದಳು ಜಗದಾಂಬ. ಇನ್ನಷ್ಟು ಹೊತ್ತು ಜಗಳ ನಡೆಯಿತು. ತೆಲುಗು ಹುಡುಗನ ಮಾತೂ ಬಂತು, ಹಿಂದಿನ ಕೋಣೆಯ ಮಾತೂ ಬಂತು. ಯಾರೂ ಯಾರಿಗೂ ಕ್ಷಮಿಸು ಎನ್ನಲಿಲ್ಲ. ಕತ್ತಲಾಗುವ ಮೊದಲು ಸಾಮಾನು ಒಳಗೆ ಹೋಗಬೇಕಿತ್ತು, ಆದ್ದರಿಂದ ದಿವಾನದ ಹಲಗೆಯ ಒಂದು ತುದಿಯನ್ನು ಒಬ್ಬಳು, ಇನ್ನೊಂದು ತುದಿಯನ್ನು ಇನ್ನೊಬ್ಬಳು ಹಿಡಿದರು.

ಹದಿಮೂರು ಪಾತ್ರೆಗಳು ಮಂಗಳಗೌರಿಯ ರೂಮಿನ ಗೋಡೆಗೆ ಸಾಲಾಗಿ ನಿಂತವು. ಶಿಲ್ಪಗೆ ಹೊಸವು ಬರಲಿ ಎಂದು ಜಂಬುಲಿಂಗಪ್ಪ ಗೊಣಗಿಕೊಂಡೇ ಒಪ್ಪಿದ. ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಮುಗಿಸಿ ಬಂದ ಶಾರದಮ್ಮನನ್ನು ಅಡಿಗೆಮನೆಯ ಬಾಗಿಲಿಗೆ ಮಣೆ ಹಾಕಿ ಕೂರಿಸಿದ್ದರು. ಆವತ್ತಿನಿಂದ ಮಾತಿಲ್ಲದ ಅತ್ತಿಗೆ ನಾದಿನಿಯರಲ್ಲಿ ಒಬ್ಬಳು ಕಣಕ ನಾದುತ್ತಿದ್ದಳು, ಇನ್ನೊಬ್ಬಳು ಒಲೆಯ ಮುಂದಿದ್ದಳು. ಹೋಳಿಗೆಯ ಬೇಳೆ ಹಿತ್ತಾಳೆ ಕೊಳಗದಲ್ಲಿ ಕುದಿಯುತ್ತಿತ್ತು. ಮುದುಕಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಒಲೆಯ ಕಡೆ ನೋಡಿದಳು.

"ಅದು ಗೌರಿ ಕೊಳಗ ಅಲ್ಲೇನೇ?"

"ಅಲ್ಲ," ಎಂದರು ಇಬ್ಬರೂ, ಒಟ್ಟಿಗೆ, ಒಂದೇ ಬಿರುಸಿನಲ್ಲಿ.